ಗಾಣದವನ ಹಾಲೆಷ್ಟು?

ರಜೆಗೆಂದು ಪುಣೆ, ಬೆಂಗಳೂರಿನಿಂದ ನಮ್ಮೂರು ಐಗಳಿಗೆ ಬರುವ ಹುಡುಗರದ್ದು ಎಐ ಬಗ್ಗೆ ಈಗ ಒಂದೇ ರಾಗ: "ಮಷಿನ್ ಬರದ ಕೋಡಿಗೆ ಎಲ್ಲೀ ಲೈಸೆನ್ಸ್ ಬಿಡ್ರಿ ಸರ!"

ವ್ಯಾಕರಣ ಕೊಟ್ಟರೆ ಪಾರ್ಸರ್ ಕೋಡು ಬರೆದುಕೊಡುವ ಬೈಸನ್ ತಂತ್ರಾಂಶವನ್ನು ಬಳಸಿದ ಹಳಬರು ಇದನ್ನು ಕೇಳಿ ನಗುತ್ತಾರೆ. ಕಬ್ಬು ನಮ್ಮದು, ಗಾಣ ಇನ್ನೊಬ್ಬರದು. ಬಾಡಿಗೆ ಕೊಟ್ಟ ಮೇಲೆ ಬೆಲ್ಲ ನಮ್ಮದೇ. ಕಂಪೈಲರಿನ ಲೆಕ್ಕ ಬಹುಮಟ್ಟಿಗೆ ಇಷ್ಟೇ. ಬೈಸನ್ ಮಾತ್ರ ನಾವು ಕೊಟ್ಟ ವ್ಯಾಕರಣಕ್ಕೆ ಪಾರ್ಸರ್ ಕಟ್ಟುವಾಗ ತನ್ನದೇ ಕೋಡಿನ ಚೌಕಟ್ಟನ್ನೂ ಅದರೊಳಗೆ ಇಳಿಸುತ್ತದೆ. ಗಾಣದವನು ತನ್ನ ಕಬ್ಬಿನ ಹಾಲನ್ನೂ ನಮ್ಮ ಕೊಪ್ಪರಿಗೆಗೆ ಸುರಿದ ಹಾಗೆ. ಆದ್ದರಿಂದಲೇ 1.24ನೇ ಆವೃತ್ತಿಗೆ ಮುಂಚೆ ಆ ಪಾರ್ಸರನ್ನು ಮುಕ್ತ ತಂತ್ರಾಂಶದಲ್ಲಷ್ಟೇ ಬಳಸಬಹುದಿತ್ತು. ಆಮೇಲೆ ವಿನಾಯಿತಿ ಬಂತು. ಮುಕ್ತ ತಂತ್ರಾಂಶದ ಲೈಸೆನ್ಸಾದ ಜಿಪಿಎಲ್‌ನ 2007ರ ಮೂರನೇ ಆವೃತ್ತಿ ಈ ತತ್ವವನ್ನು ನೇರವಾಗಿಯೇ ಹೇಳುತ್ತದೆ: ತಂತ್ರಾಂಶದಿಂದ ಹೊರಬಂದದ್ದಕ್ಕೆ ಲೈಸೆನ್ಸ್ ಅಂಟುವುದು, ಹೊರಬಂದದ್ದರ ಒಳಗೇ ಆ ತಂತ್ರಾಂಶದ ಅಂಶವಿದ್ದರೆ ಮಾತ್ರ.

ನಮ್ಮ ಅಕ್ಷರಗಳಲ್ಲೂ ಇದೇ ಕತೆ. ಗುಬ್ಬಿ ಫಾಂಟು ಜಿಪಿಎಲ್‌ನದು. ಪಿಡಿಎಫ್ ಮಾಡಿದರೆ ಫಾಂಟಿನ ತುಣುಕು ಕಡತದೊಳಗೇ ಕೂರುತ್ತದೆ. ಹಾಗಾದರೆ ಮನೆಯ ಲಗ್ನಪತ್ರಿಕೆಯೂ ಜಿಪಿಎಲ್ ಆಯಿತೇ? ಆಗಬಾರದೆಂದೇ ಫಾಂಟ್ ವಿನಾಯಿತಿ ಸೇರಿಸಿದ್ದಾರೆ. ನವಿಲು ಫಾಂಟಿನ ಓಎಫ್‌ಎಲ್ ಎಂಬ ಫಾಂಟ್ ಲೈಸೆನ್ಸಿನಲ್ಲಂತೂ ಬರೆದ ದಾಖಲೆಗೆ ಷರತ್ತಿಲ್ಲವೆಂಬ ಮಾತು ಮೂಲ ಪಠ್ಯದಲ್ಲೇ ಇದೆ. ವಕೀಲರ ಗದ್ಯದಲ್ಲಿ ಇಂಥ ಹಸನಾದ ವಾಕ್ಯ ಅಪರೂಪ.

ಈಗಿನ ಎಐ ಗಾಣದ ತಕರಾರು ಬೇರೆ: ಯಾರ ಹೊಲದ್ದು ಎಷ್ಟು ಬಿದ್ದಿದೆ ಎಂಬ ಪಟ್ಟಿಯೇ ಬಳಸುವವನ ಕೈಯಲ್ಲಿಲ್ಲ. ಕೋಡು ಬರೆದುಕೊಡುವ ಎಐ ಸಾಧನ ಕೋಪೈಲಟ್ ಮೇಲೆ 2022ರ ನವೆಂಬರಿನಲ್ಲಿ ಅಮೆರಿಕದಲ್ಲಿ ದಾವೆ ಬಿದ್ದದ್ದು ಇದಕ್ಕೇ. ಭಾರತದಲ್ಲಿ ಕಾನೂನೇ ಇಲ್ಲ ಎನ್ನುವವರು 1957ರ ಕೃತಿಸ್ವಾಮ್ಯ ಕಾಯ್ದೆಯನ್ನು ತೆರೆದು ನೋಡಲಿ. ಕಂಪ್ಯೂಟರ್ ರಚಿಸಿದ ಕೃತಿಗೆ ಅದನ್ನು ಮಾಡಿಸಿದವನೇ ಕರ್ತೃ ಎಂದು 1994ರ ತಿದ್ದುಪಡಿಯೇ ಹೇಳಿದೆ. ಒಳಗೆ ನುಸುಳಿದ ಪರರ ಸಾಲುಗಳಿಗೆ ಅದರಿಂದ ಮಾಫಿ ಸಿಗುವುದಿಲ್ಲ. ಹೊಣೆ ಮಾತ್ರ ಮಾಡಿಸಿದವನ ಹೆಗಲಿಗೆ ಬರುತ್ತದೆ.

"ನಮ್ಮದು ಎಂಐಟಿ ಲೈಸೆನ್ಸು, ನಮಗೇನೂ ತೊಂದರೆಯಿಲ್ಲ" ಎನ್ನುವ ಪಂಗಡಕ್ಕೆ ನನ್ನ ಹಳೆಯ ಬಾಕಿ ತೀರಿಸುತ್ತೇನೆ. ಹಕ್ಕಿನ ಸಾಲನ್ನೂ ಲೈಸೆನ್ಸಿನ ಪಠ್ಯವನ್ನೂ ಉಳಿಸಿ ಎನ್ನುವುದೇ ನಿಮ್ಮ ಷರತ್ತಲ್ಲವೇ? ಯಂತ್ರ ಕೋಡು ಕೊಡುವಾಗ ಉದುರಿಹೋಗುವುದೂ ಅದೇ. ನೆಟ್‌ಬಿಎಸ್‌ಡಿ ಎಂಬ ಮುಕ್ತ ಕಾರ್ಯಾಚರಣಾ ವ್ಯವಸ್ಥೆಯವರು 2024ರಲ್ಲಿ ಇಂಥ ಕೋಡನ್ನು ಕಳಂಕಿತವೆಂದೇ ಭಾವಿಸಿ, ಮುಂಚಿತ ಲಿಖಿತ ಒಪ್ಪಿಗೆಯಿಲ್ಲದೆ ಸೇರಿಸಬಾರದೆಂದರು. ನನಗದು ಅತಿ ಅನ್ನಿಸಿಲ್ಲ.