ಉತ್ತರನ ನಗೆಯಲ್ಲಿ ಕಳೆದುಹೋದ ಗೋವಳ

ಗದುಗಿನ ಭಾರತದ ವಿರಾಟಪರ್ವ ಎಂದೊಡನೆ ಗಮಕಿಗಳಿಗೂ ವಿಮರ್ಶಕರಿಗೂ ನೆನಪಾಗುವವನು ಉತ್ತರಕುಮಾರ. ಹೆಂಗಳೆಯರ ಮುಂದೆ ಅವನು ಕೊಚ್ಚಿಕೊಳ್ಳುವುದು, ಕೌರವಸೇನೆ ಕಂಡು ರಥ ಬಿಟ್ಟು ಓಡುವುದು, ಬೃಹನ್ನಳೆ ಬೆನ್ನಟ್ಟಿ ಹಿಡಿಯುವುದು, ಇಷ್ಟನ್ನು ಹೊಗಳಿ ಕುಮಾರವ್ಯಾಸನ ಹಾಸ್ಯಕ್ಕೆ ಪ್ರಶಸ್ತಿಪತ್ರ ಕೊಟ್ಟರೆ ವಿಮರ್ಶೆ ಮುಗಿಯಿತು. ಇದು ಮೂಲತಃ ದನ ಹೊಡೆದುಕೊಂಡು ಹೋದ ಕಥೆ ಎಂಬುದೇ ಮರೆತಿದೆ.

ನನ್ನ ತಕರಾರು ಒಂದೇ ಸನ್ನಿವೇಶದ್ದು. ವಿರಾಟ ಸುಶರ್ಮನ ಮೇಲೆ ಯುದ್ಧಕ್ಕೆ ಹೋಗಿದ್ದಾನೆ. ಬಡಗಣ ಹಟ್ಟಿಗೆ ಕೌರವರು ನುಗ್ಗಿದ್ದಾರೆ. ಬೆದರಿದ ಗೋವಳ ಅರಮನೆಗೆ ಬಂದರೆ ಅಲ್ಲಿರುವವನು ಉತ್ತರ. ವ್ಯಾಸಭಾರತದ ಗೋವಳ 60,000 ಹಸು ಹೋದವೆಂದು ಲೆಕ್ಕ ಕೊಡುತ್ತಾನೆ. ನಿನ್ನ ತಂದೆ ಸಭೆಯಲ್ಲಿ ನಿನ್ನನ್ನು ಹೊಗಳುತ್ತಾನಲ್ಲ, ಅದನ್ನು ನಿಜ ಮಾಡು ಎಂದು ರಾಜಕುಮಾರನಿಗೆ ಹೊಣೆಯನ್ನೂ ನೆನಪಿಸುತ್ತಾನೆ. ನಮ್ಮ ಕವಿಗೆ ಗೋವಳ ಬೇಕಾದದ್ದು ಉತ್ತರನ ಬಡಾಯಿಗೆ ಕಿಡಿ ಹಚ್ಚಲು. ಎದುರಾಳಿ ಎಷ್ಟು ದೊಡ್ಡವನೋ ಬಡಾಯಿಯೂ ಅಷ್ಟು ದೊಡ್ಡದು. ನಗೆ ಏರುತ್ತದೆ, ಹಟ್ಟಿಯ ಗತಿ ಏನಾಯಿತೆಂಬ ಪ್ರಶ್ನೆ ಅದರಲ್ಲಿ ಮುಳುಗುತ್ತದೆ. ಮುಂದಿನದೆಲ್ಲ ರಥಿಕರ ಕಾಳಗ. ಕುದುರೆಗೆ, ಸಾರಥಿಗೆ, ಬಾಣಕ್ಕೆ ಪದ್ಯಗಳುಂಟು. ದನ ಕಾಯುವವನ ಪಾತ್ರ ಸುದ್ದಿ ಮುಟ್ಟಿಸಿದಲ್ಲಿಗೆ ಮುಗಿಯಿತು.

ಶಾಸನಗಳು ಪುಲಿಗೆರೆ-300, ಬೆಳ್ವೊಲ-300 ಎಂದು ಕರೆಯುವ ಲಕ್ಷ್ಮೇಶ್ವರ-ಗದಗ ಸೀಮೆಯ ಸುತ್ತಮುತ್ತ ಕಲ್ಲುಕುಟಿಗರು ಕುಮಾರವ್ಯಾಸನಿಗಿಂತ ಶತಮಾನಗಳ ಮೊದಲೇ ದನ ಹೊಡೆದೊಯ್ಯುವ ಇದೇ ಕಥೆಯನ್ನು ಬೇರೆ ರೀತಿ ಹೇಳಿದ್ದರು. ತುರುಗೊಳ್ ವೀರಗಲ್ಲಿನ, ಅಂದರೆ ದನಗಳಿಗಾಗಿ ನಡೆದ ಕಾಳಗದಲ್ಲಿ ಮಡಿದವನ ಕಲ್ಲಿನ, ಕೆಳಗಿನ ಅಂಕಣ ನೋಡಿ. ಆಕಳುಗಳನ್ನು ಒಂದರ ಮೇಲೊಂದು ಸಾಲಾಗಿ ಪೇರಿಸಿದ್ದಾರೆ. ಅಂಗೈಯಗಲದ ಜಾಗದಲ್ಲಿ ಇಡೀ ಮಂದೆ ನಿಂತಿದೆ. ಅದರ ಮುಂದೆ ಬಿಲ್ಲೋ ಕತ್ತಿ-ಗುರಾಣಿಯೋ ಹಿಡಿದು, ದನಕ್ಕಿಂತ ದೊಡ್ಡದಾಗಿ, ವೀರ. ಎಷ್ಟೋ ಕಲ್ಲುಗಳಲ್ಲಿ ಕುದುರೆ ಏರಿದವನು ಎದುರಾಳಿ; ಕಾಯುವವನು ನೆಲದ ಮೇಲೆ ನಿಂತವನು. ಅಮೆರಿಕದ ಸಿನಿಮಾ ದನಗಾಹಿಯನ್ನೇ ಕುದುರೆ ಹತ್ತಿಸಿ ನಾಯಕನನ್ನಾಗಿ ಮಾಡಿತು. ನಮ್ಮ ಕಲ್ಲಿನಲ್ಲಿ ಕುದುರೆ ಬಹುಪಾಲು ಉಳ್ಳವರದು.

ವೀರಗಲ್ಲೆಂದರೆ ಬರೀ ಅಚ್ಚು, ಅದರಲ್ಲಿ ಕಲೆ ಎಲ್ಲಿದೆ ಎನ್ನುವವರಿದ್ದಾರೆ. ಅಪ್ಸರೆಯರು ಒಯ್ಯುವ ನಡುವಿನ ಅಂಕಣ, ಲಿಂಗ-ನಂದಿ-ಸೂರ್ಯ-ಚಂದ್ರರ ಮೇಲಿನ ಅಂಕಣಗಳ ಮಟ್ಟಿಗೆ ಒಪ್ಪಿದೆ. ಕೆಳಗಿನದು ಹಾಗಲ್ಲ, ಆಯುಧ, ಎದುರಾಳಿ, ಮಂದೆ ಎಲ್ಲವೂ ಕಲ್ಲಿನಿಂದ ಕಲ್ಲಿಗೆ ಬದಲಾಗುತ್ತವೆ. ಆರ್. ಶೇಷಶಾಸ್ತ್ರಿಗಳ ‘ಕರ್ನಾಟಕದ ವೀರಗಲ್ಲುಗಳು’ 1982ರಲ್ಲೇ ಬಂದರೂ ಸಾಹಿತ್ಯ ವಿಮರ್ಶಕರು ಈ ಕಡೆ ಹಾಯಲಿಲ್ಲ. ಶಾಸನತಜ್ಞರಿಗೆ ಅಕ್ಷರವಿದ್ದ ಕಲ್ಲು ಪ್ರಿಯ. ಅಕ್ಷರವಿಲ್ಲದ್ದು ಪಟ್ಟಿಯಲ್ಲಿ ಒಂದು ಸಾಲು. ಮೌಖಿಕ ಪರಂಪರೆಯ ಬಗ್ಗೆ ವಿಚಾರಸಂಕಿರಣ ನಡೆಸುವವರೂ ಅವರ ಹಿಂದೆಯೇ.

ಕಲ್ಲಿನ ವೀರರೆಲ್ಲ ಗೋವಳರಲ್ಲ, ಗಾವುಂಡರೂ ಬಂಟರೂ ಇದ್ದಾರೆ, ನಿಜ. ಕುಮಾರವ್ಯಾಸನ ಭಾಷೆಯ ಬೆಡಗಿಗೆ ನಾನೂ ತಲೆಬಾಗುತ್ತೇನೆ. ಆದರೂ ತುರುಗಾಳಗದ ಕಥನವೆಂದು ತೂಗಿದರೆ ಕಲ್ಲಿಗೆ ಮೊದಲ ಸ್ಥಾನ, ಕಾವ್ಯಕ್ಕೆ ಎರಡನೆಯದು. ಉತ್ತರನನ್ನು ಪಾಠ ಮಾಡುವ ಮೇಷ್ಟರು ಒಮ್ಮೆ ಮಕ್ಕಳನ್ನು ಊರ ಗುಡಿಗೋಡೆಗೆ ಒರಗಿಸಿಟ್ಟ ವೀರಗಲ್ಲಿನ ಮುಂದೆ ನಿಲ್ಲಿಸಲಿ. ಸುಣ್ಣ, ಎಣ್ಣೆಜಿಡ್ಡು ಮುಚ್ಚಿದ ಆ ಕೆಳಗಿನ ಅಂಕಣವನ್ನೇ ಮೊದಲು ತೋರಿಸಲಿ.