ದಪ್ಪ ತಂತಿಯ ಕಾಳಜಿ, ಸಣ್ಣ ತಂತಿಯ ಅಲಕ್ಷ್ಯ

ಸಿಂಧನೂರು, ಮಸ್ಕಿ, ಲಿಂಗಸುಗೂರುಗಳಲ್ಲಿ ಇನ್ವರ್ಟರ್ ಕೆಲಸವು ಬಹುಕಾಲ ಆಸಿಡ್ ತುಂಬಿದ ಟ್ಯೂಬುಲರ್ ಬ್ಯಾಟರಿಗಳ ಸುತ್ತಲೇ ಬೆಳೆದುದರಿಂದ, ದಪ್ಪ ತಂತಿಗೆ ತಕ್ಕ ಲಗ್ ಒತ್ತಿ ಬೋಲ್ಟ್ ಬಿಗಿಯುವುದರಲ್ಲಿ ಅಲ್ಲಿನ ಎಲೆಕ್ಟ್ರಿಷಿಯನ್‌ಗಳ ಕೈ ಚೆನ್ನಾಗಿ ಪಳಗಿದೆ. ಲಿಥಿಯಂ ಬ್ಯಾಟರಿಯ ಜೊತೆಗೆ ಬಂದ ಡೇಟಾ ಕೇಬಲ್ಲಿಗೆ ಮಾತ್ರ ಆ ಶ್ರದ್ಧೆ ಇನ್ನೂ ದಕ್ಕಿಲ್ಲ. ಬ್ಯಾಟರಿಯೊಳಗಿನ ಸೆಲ್‌ಗಳನ್ನು ಕಾಯುವ ಬಿಎಂಎಸ್ ಎಂಬ ಎಲೆಕ್ಟ್ರಾನಿಕ್ ವ್ಯವಸ್ಥೆಯು ಎಷ್ಟು ಚಾರ್ಜ್ ಉಳಿದಿದೆ, ಎಷ್ಟು ಆಂಪಿಯರ್ ತುಂಬಬಹುದು ಎಂಬುದನ್ನು ಇನ್ವರ್ಟರಿಗೆ ತಿಳಿಸುವುದು ಈ ಸಣ್ಣ ತಂತಿಯ ಮೂಲಕವೇ ಆದರೂ, ಅದನ್ನು ಕೊನೆಗೆ ಸಿಕ್ಕಿಸುವ ಬಿಡಿಭಾಗವೆಂದು ಎಣಿಸುವ ರೂಢಿ ಬೇರೂರಿದೆ.

ಈ ರೂಢಿಯ ದೊಡ್ಡ ದೋಷವೆಂದರೆ ಸಾಕೆಟ್ಟಿಗೆ ಹೊಂದಿದ ಕೇಬಲ್ ಸರಿಯಾದದ್ದೇ ಎಂಬ ನಂಬಿಕೆ. ಬಾಷ್ ಕಂಪನಿಯು 1986ರಲ್ಲಿ ವಾಹನಗಳಿಗಾಗಿ ಹೊರತಂದ ಕ್ಯಾನ್ ಬಸ್, ಅಂದರೆ ಎರಡೇ ತಂತಿಗಳಲ್ಲಿ ಹಲವು ಯಂತ್ರಗಳು ಮಾತನಾಡಿಕೊಳ್ಳುವ ಪದ್ಧತಿ, ಇಂದು ಅನೇಕ ಬ್ಯಾಟರಿಗಳಲ್ಲಿ ಕಂಪ್ಯೂಟರ್ ನೆಟ್‌ವರ್ಕಿನ ಆರ್‌ಜೆ45 ಸಾಕೆಟ್ಟಿನಲ್ಲೇ ಕುಳಿತಿದೆ. ಹಲವು ಬ್ಯಾಟರಿಗಳಲ್ಲಿ ಆ ಸಂಕೇತ 4 ಮತ್ತು 5ನೇ ಪಿನ್‌ಗಳಲ್ಲಿದ್ದರೆ ಕೆಲವು ಇನ್ವರ್ಟರ್‌ಗಳಲ್ಲಿ 7 ಮತ್ತು 8ರಲ್ಲಿರುವುದರಿಂದ, ಕಂಪ್ಯೂಟರ್ ಅಂಗಡಿಯಿಂದ ತಂದ ನೇರ ಕೇಬಲ್ ಸಲೀಸಾಗಿ ಕೂತರೂ ಮಾತು ಮುಟ್ಟುವುದಿಲ್ಲ. ಆಗ ಇನ್ವರ್ಟರನ್ನು ಹಳೆಯ ಆಸಿಡ್ ಬ್ಯಾಟರಿಯ ಸೆಟ್ಟಿಂಗಿಗೆ ತಿರುಗಿಸಿ ಕೆಲಸ ಮುಗಿಸುವುದು ಕಳವಳಕಾರಿ ಉಪಾಯ. ಲಿಥಿಯಂ ಐರನ್ ಫಾಸ್ಫೇಟ್ ಸೆಲ್ ಬಹುಪಾಲು ಹೊತ್ತು 3.2–3.3 ವೋಲ್ಟ್ ಆಸುಪಾಸಿನಲ್ಲೇ ನಿಲ್ಲುವುದರಿಂದ ವೋಲ್ಟೇಜ್ ನೋಡಿ ಉಳಿದ ಚಾರ್ಜನ್ನು ಅಂದಾಜು ಮಾಡಲಾಗದು. ಕೊನೆಗೆ ಬಿಎಂಎಸ್ ತಾನೇ ಸಂಪರ್ಕ ಕಡಿದು ಇಡೀ ಕಟ್ಟಡ ಕತ್ತಲಾದಾಗ ದೂರು ಬ್ಯಾಟರಿಯ ಮೇಲೆ ಬೀಳುತ್ತದೆ.

ಪಿನ್ ಸರಿಪಡಿಸುವಾಗಲೂ ಎರಡೂ ಸಂಕೇತಗಳು ಒಂದೇ ಹೆಣೆದ ಜೋಡಿಯಲ್ಲಿ ಸಾಗಬೇಕೆಂಬ ನಿಯಮ ತಪ್ಪಬಾರದು, ಏಕೆಂದರೆ ಇನ್ವರ್ಟರಿನ ವಿದ್ಯುತ್ ಗದ್ದಲವು ಜೋಡಿಯ ಎರಡೂ ತಂತಿಗಳಿಗೆ ಸಮನಾಗಿ ತಾಗಿದಾಗ ಮಾತ್ರ ಎದುರಿನ ಯಂತ್ರ ಅದನ್ನು ಕಳೆದುಹಾಕಬಲ್ಲದು. ಸಂಕೇತ ತುದಿಗೆ ಬಡಿದು ಹಿಂದಿರುಗದಂತೆ ಬಸ್ಸಿನ ಎರಡು ತುದಿಗಳಲ್ಲೂ 120 ಓಮ್‌ನ ರೋಧಕ ಇರಬೇಕು. ಎಲ್ಲವನ್ನೂ ಆಫ್ ಮಾಡಿ ಎರಡು ಸಂಕೇತ ತಂತಿಗಳ ನಡುವೆ ಮಲ್ಟಿಮೀಟರ್ ಇಟ್ಟರೆ ಸುಮಾರು 60 ಓಮ್ ತೋರಬೇಕು. 120 ತೋರಿದರೆ ಒಂದು ರೋಧಕ ಇಲ್ಲವೆಂದೂ 40 ತೋರಿದರೆ ಒಂದು ಹೆಚ್ಚಾಗಿದೆಯೆಂದೂ ತಿಳಿಯಬಹುದು. ಮಲ್ಟಿಮೀಟರ್ ಪ್ರತಿ ಎಲೆಕ್ಟ್ರಿಷಿಯನ್ನನ ಚೀಲದಲ್ಲೇ ಇರುವಾಗ ಈ ಪರೀಕ್ಷೆಯನ್ನು ಬಿಡುವುದಕ್ಕೆ ಯಾವ ಸಮರ್ಥನೆಯೂ ಇಲ್ಲ.

ಆದರೆ ಹೊಣೆಯೆಲ್ಲವನ್ನೂ ಎಲೆಕ್ಟ್ರಿಷಿಯನ್ನನ ಮೇಲೆ ಹೊರಿಸುವುದು ಅನ್ಯಾಯ. ಒಂದೇ ಸಾಕೆಟ್ಟಿಗೆ ಬೇರೆ ಬೇರೆ ಪಿನ್ ಹಂಚಿಕೆ ಕೊಟ್ಟು ಕೈಪಿಡಿಯನ್ನು ಇಂಗ್ಲಿಷಿನಲ್ಲಷ್ಟೇ ಮುದ್ರಿಸುವ ತಯಾರಕರ ಪಾಲೂ ಇದರಲ್ಲಿದೆ. ಆರ್‌ಜೆ45 ಕೂಡ ಕಚೇರಿಯ ಮೇಜಿಗಾಗಿ ಹುಟ್ಟಿದ ಕನೆಕ್ಟರ್. ಸಿಂಧನೂರಿನ ಅಕ್ಕಿ ಗಿರಣಿಯ ಹೊಟ್ಟಿನ ಧೂಳು, ಯಂತ್ರಗಳ ಅದುರು, ರಾಯಚೂರು ಸೀಮೆಯ 40 ಡಿಗ್ರಿ ದಾಟುವ ಬೇಸಿಗೆ ಇವುಗಳ ನಡುವೆ ಅದರ ಪ್ಲಾಸ್ಟಿಕ್ ಕೊಂಡಿ ಮುರಿದು ಪ್ಲಗ್ ಸಡಿಲವಾಗುವುದು ಸಹಜ. ಅಂಥಲ್ಲಿ ತಿರುಗಿಸಿ ಬಿಗಿಯುವ, ಧೂಳು ತಡೆಯುವ ಎಂ12 ಕನೆಕ್ಟರ್ ಇರುವ ಬ್ಯಾಟರಿಯನ್ನೇ ಆರಿಸಿಕೊಳ್ಳುವುದು ಮೇಲು, ಬೆಲೆ ತುಸು ಹೆಚ್ಚಾದರೂ ಸರಿಯೇ. ಅದು ಸಿಗದಿದ್ದರೆ ಪ್ಲಗ್ಗನ್ನು ಮುಚ್ಚಿದ ಪೆಟ್ಟಿಗೆಯೊಳಗಿಟ್ಟು, ಕೇಬಲ್ಲಿನ ಭಾರ ಅದರ ಮೇಲೆ ಬೀಳದಂತೆ ಕಟ್ಟಿ, ಯಾವ ಪಿನ್ ಎಲ್ಲಿಗೆ ಹೋಗಿದೆಯೆಂಬ ಕನ್ನಡದ ಚೀಟಿಯನ್ನು ಪೆಟ್ಟಿಗೆಯ ಬಾಗಿಲಿನ ಒಳಬದಿಗೆ ಅಂಟಿಸಬೇಕು.