ಎರರ್ ಹೋಯಿತು, ಹೆಸರೂ ಹೋಯಿತು

ಪರಿಚಯದ ಗ್ರಂಥಪಾಲಕರೊಬ್ಬರು ಒಂದು ಸಂಜೆ ಫೋನ್ ಮಾಡಿದರು. ‘ಸರ್, ಎರಡು ದಿನ ಕೂತು ಸದಸ್ಯರ ಹೆಸರು ತುಂಬಿಸಿದ್ದೆ. ಈಗ ತೆಗೆದು ನೋಡಿದ್ರೆ ಬರೀ ಪ್ರಶ್ನೆಚಿಹ್ನೆ. ಮೊದಲು ಏನೋ ಎರರ್ ಬರ್ತಿತ್ತು. ಗೊತ್ತಿರೋರು ಒಬ್ಬರು ಒಂದು ಸಾಲು ಹಾಕಿಸಿದ್ರು, ಎರರ್ ನಿಂತುಹೋಯ್ತು.’ ಯಾವ ಸಾಲು ಎಂದು ಕೇಳಿದೆ. ಮೈಎಸ್‌ಕ್ಯೂಎಲ್‌ನ ಸ್ಟ್ರಿಕ್ಟ್ ಮೋಡ್ ತೆಗೆದುಹಾಕುವ ಸಾಲು. ಅಲ್ಲಿಗೆ ರೋಗವೂ ತಿಳಿಯಿತು, ವೈದ್ಯರ ಕೈಗುಣವೂ ತಿಳಿಯಿತು.

ಡೇಟಾಬೇಸ್ ಕೈಕೊಟ್ಟಾಗ ನಾವು ಸಹಾಯ ಕೇಳುವ, ಕೊಡುವ ರೀತಿಯನ್ನೇ ಒಂದು ಪದ್ಧತಿಯೆಂದು ಎತ್ತಿಕೊಂಡು ತೂಗಿ ನೋಡಬೇಕು ಅನ್ನಿಸಿದ್ದು ಆವತ್ತು. ಮೈಎಸ್‌ಕ್ಯೂಎಲ್‌ನಂಥ ಡೇಟಾಬೇಸ್‌ಗಳ ಮೂಲ ಲೇಖನವನ್ನು ಐಬಿಎಂನ ಎಡ್ಗರ್ ಕಾಡ್ ಪ್ರಕಟಿಸಿದ್ದು 1970ರಲ್ಲಿ. ಮಾಹಿತಿಯನ್ನು ಒಳಗೆ ಹೇಗೆ ಇಟ್ಟಿದ್ದಾರೆ ಎಂಬ ತಲೆನೋವು ಬಳಸುವವರಿಗೆ ಇರಬಾರದು ಎಂಬುದು ಅವರ ಆಶಯ. ಅರ್ಧ ಶತಮಾನ ಕಳೆದರೂ ನಮ್ಮ ತಲೆ ತಿನ್ನುತ್ತಿರುವುದು ಒಳಗೆ ಹೇಗೆ ಇಟ್ಟಿದ್ದಾರೆ ಎಂಬುದೇ.

ಗ್ರಂಥಪಾಲಕರಿಗೆ ಬರುತ್ತಿದ್ದ ಎರರ್‌ನ ನಂಬರ್ 1366. ಈ ಕಾಲಂ ಲ್ಯಾಟಿನ್1 ಎಂಬ ಅಕ್ಷರಸಂಕೇತಕ್ಕೆಂದು ಮಾಡಿದ್ದು, ಇದರಲ್ಲಿ ಕನ್ನಡ ಹಿಡಿಸುವುದಿಲ್ಲ ಎಂದಷ್ಟೇ ಅದು ಹೇಳುತ್ತಿತ್ತು. ಸ್ಟ್ರಿಕ್ಟ್ ಮೋಡ್ ಇದ್ದಾಗ ಮೈಎಸ್‌ಕ್ಯೂಎಲ್ ಅಂಥ ಹೆಸರನ್ನು ಬಾಗಿಲಲ್ಲೇ ತಡೆಯುತ್ತದೆ. ತೆಗೆದರೆ ಒಳಗೆ ಬಿಡುತ್ತದೆ. ಆದರೆ ಹಿಡಿಸದ ಪ್ರತಿ ಸಂಕೇತದ ಜಾಗದಲ್ಲೂ ಒಂದು ಪ್ರಶ್ನೆಚಿಹ್ನೆ ಇಟ್ಟು, ಒಂದು ವಾರ್ನಿಂಗ್ ಗೊಣಗಿ ಸುಮ್ಮನಾಗುತ್ತದೆ. ‘ಕುಸುಮ’ ನಮ್ಮ ಕಣ್ಣಿಗೆ 3 ಅಕ್ಷರ. ಯೂನಿಕೋಡ್ ಲೆಕ್ಕದಲ್ಲಿ ಕ, ಕೊಂಬು, ಸ, ಕೊಂಬು, ಮ ಎಂದು 5. ಹಾಗಾಗಿ 5 ಪ್ರಶ್ನೆಚಿಹ್ನೆ. ‘ವಿನುತ’ಳಿಗೂ 5. ಆಮೇಲೆ ಯಾರು ಕುಸುಮ, ಯಾರು ವಿನುತ ಎಂದು ಬ್ರಹ್ಮನಿಗೂ ಹೇಳಲಾಗದು.

ಹೆಕ್ಸ್ ಫಂಕ್ಷನ್ ಹಾಕಿ ಒಂದು ಹೆಸರು ತೋರಿಸಿ ಎಂದೆ. ಪರದೆಯ ಮೇಲೆ ಕಾಣುವುದನ್ನು ನಂಬುವ ಹಾಗಿಲ್ಲ, ಟೇಬಲಿನಲ್ಲಿ ಯಾವ ಬೈಟ್ ಕೂತಿದೆಯೆಂದು ನೋಡಬೇಕು. ಯುಟಿಎಫ್-8ರಲ್ಲಿ ‘ಕ’ ಎಂದರೆ ಇ0, ಬಿ2, 95 ಎಂಬ 3 ಬೈಟ್. ಇವು ಕಂಡರೆ ಹೆಸರು ಬದುಕಿದೆ. ಕನೆಕ್ಷನ್ನಿನ ಸೆಟ್ಟಿಂಗೋ ಕಾಲಂನ ಹಣೆಪಟ್ಟಿಯೋ ತಪ್ಪಿದೆ, ಅಷ್ಟೇ. ಸಿ3, ಎ0 ಎಂದು ಶುರುವಾಗಿ ‘ಕ’ ಒಂದಕ್ಕೇ 7 ಬೈಟ್ ಇದ್ದರೆ ಯಾರೋ ಎರಡು ಸಲ ಪರಿವರ್ತಿಸಿದ್ದಾರೆ, ತಾಳ್ಮೆಯಿದ್ದರೆ ಬಿಡಿಸಬಹುದು. ಸಾಲಾಗಿ 3ಎಫ್ ಬಂದರೆ ಅಲ್ಲಿರುವುದು ನಿಜವಾದ ಪ್ರಶ್ನೆಚಿಹ್ನೆಯೇ, ಬಿಡಿಸಲು ಏನೂ ಉಳಿದಿಲ್ಲ. ಅವರದು ಮೂರನೆಯದು.

ಮೂರು ಬೇರೆ ಬೇರೆ ಕಾಯಿಲೆ. ಆದರೆ ಸಾಮಾನ್ಯವಾಗಿ ಸಿಗುವ ಸಲಹೆ ಒಂದೇ: ‘ಟೇಬಲನ್ನು ಯುಟಿಎಫ್‌8ಎಂಬಿ4ಗೆ ಕನ್ವರ್ಟ್ ಮಾಡಿ.’ ಲ್ಯಾಟಿನ್1 ಎಂಬ ಹಣೆಪಟ್ಟಿಯ ಕಾಲಂನಲ್ಲಿ ಸರಿಯಾದ ಕನ್ನಡ ಬೈಟ್‌ಗಳೇ ಇದ್ದಾಗ ಈ ಸಲಹೆ ಪಾಲಿಸಿದರೆ 3 ಬೈಟಿನ ‘ಕ’ 7 ಬೈಟಾಗಿ ಕೂರುತ್ತದೆ. ಕಾಲಂ ಅನ್ನು ಮೊದಲು ಬೈನರಿಗೆ ತಿರುಗಿಸಿ, ಆಮೇಲೆ ಹೊಸ ಹಣೆಪಟ್ಟಿ ಅಂಟಿಸಬೇಕಿತ್ತು. ಹೇಳಿದವರಿಗೆ ತಿಳಿವಳಿಕೆ ಕಡಿಮೆ ಅಂತಲ್ಲ. ನಾಡಿ ನೋಡುವ ಮೊದಲೇ ಮಾತ್ರೆ ಕೊಟ್ಟರು.

ಕ್ವೆರಿಯಲ್ಲೂ ಇದೇ ಚಾಳಿ. ಒಬ್ಬ ಸದಸ್ಯರು 3 ಪುಸ್ತಕ ಒಯ್ದಿದ್ದಾರೆ, 10 ರೂಪಾಯಿಯಂತೆ 2 ಸಲ ದಂಡ ಕಟ್ಟಿದ್ದಾರೆ ಎನ್ನಿ. ಸದಸ್ಯರ ಟೇಬಲಿಗೆ ಪುಸ್ತಕದ್ದನ್ನೂ ದಂಡದ್ದನ್ನೂ ಒಟ್ಟಿಗೆ ಜಾಯಿನ್ ಮಾಡಿದರೆ 3 ಗುಣಿಸು 2, ಒಟ್ಟು 6 ಸಾಲು. ದಂಡ 20ರ ಬದಲು 60 ಎಂದು ಬರುತ್ತದೆ. ‘ಸಮ್ ಒಳಗೆ ಡಿಸ್ಟಿಂಕ್ಟ್ ಹಾಕಿ’ ಎನ್ನುತ್ತಾರೆ. ಹಾಕಿದರೆ 10 ಬರುತ್ತದೆ, ಏಕೆಂದರೆ ಎರಡು ಹತ್ತುಗಳು ಅದಕ್ಕೆ ಒಂದೇ. ಪಕ್ಕದ ಸದಸ್ಯರು 10 ಮತ್ತು 5 ಕಟ್ಟಿದ್ದರೆ ಸರಿಯಾಗಿ 15 ಬರುತ್ತದೆ. ಅಪಾಯ ಇರುವುದೇ ಇಲ್ಲಿ: ಈ ಸದಸ್ಯರ ಲೆಕ್ಕವನ್ನು ತಾಳೆ ನೋಡಿದವರು ನಿಶ್ಚಿಂತೆಯಿಂದ ಮನೆಗೆ ಹೋಗುತ್ತಾರೆ. ದಂಡವನ್ನು ಸದಸ್ಯವಾರು ಬೇರೆಯಾಗಿ ಕೂಡಿಸಿ, ಆ ಮೊತ್ತವನ್ನು ಆಮೇಲೆ ಜಾಯಿನ್ ಮಾಡುವುದು ಸರಿಯಾದ ದಾರಿ. ಬರೆಯಲು ನಾಲ್ಕು ಸಾಲು ಹೆಚ್ಚು, ಅಷ್ಟೇ.

ಇನ್‌ಸ್ಟಾಲ್ ಮಾಡಿದ ದಿನವೇ ಎದುರಾಗುವ 1698, ಅಂದರೆ ರೂಟ್‌ಗೆ ಪ್ರವೇಶವಿಲ್ಲ ಎಂಬ ಎರರ್, ಇನ್ನೊಂದು ಮಾದರಿ. ಉಬುಂಟುವಿನಲ್ಲಿ ರೂಟ್ ಬಳಕೆದಾರನನ್ನು ಸಾಮಾನ್ಯವಾಗಿ ಪಾಸ್‌ವರ್ಡ್‌ನಿಂದಲ್ಲ, ಸಿಸ್ಟಮ್ಮಿನ ಲಾಗಿನ್‌ನಿಂದಲೇ ಗುರುತಿಸುತ್ತಾರೆ; ಸುಡೋ ಹಾಕಿದರೆ ಬಾಗಿಲು ತೆರೆಯುತ್ತದೆ. ಅದನ್ನು ಹೇಳದೆ ‘ಸ್ಕಿಪ್ ಗ್ರಾಂಟ್ ಟೇಬಲ್ಸ್ ಹಾಕಿ’ ಎನ್ನುವುದು ಬೀಗದ ಕೈ ಸಿಗಲಿಲ್ಲವೆಂದು ಬಾಗಿಲನ್ನೇ ಕಿತ್ತಂತೆ. ಈ ಸಲಹೆಯ ಅಪಾಯ ಮೈಎಸ್‌ಕ್ಯೂಎಲ್ ಮಾಡಿದವರಿಗೂ ಗೊತ್ತಿದೆ. 8.0 ಆವೃತ್ತಿಯಲ್ಲಿ ಆ ಸೆಟ್ಟಿಂಗ್ ಹಾಕಿದರೆ ಹೊರಗಿನ ನೆಟ್‌ವರ್ಕ್ ತಾನಾಗಿ ಮುಚ್ಚಿಕೊಳ್ಳುತ್ತದೆ.

ಹಾಗೆಂದು ತಪ್ಪನ್ನೆಲ್ಲ ಸಲಹೆಗಾರರ ತಲೆಗೆ ಕಟ್ಟುವುದು ನ್ಯಾಯವಲ್ಲ. 2018ರಲ್ಲಿ 8.0 ಬರುವ ತನಕ ಮೈಎಸ್‌ಕ್ಯೂಎಲ್‌ನ ಡಿಫಾಲ್ಟ್ ಲ್ಯಾಟಿನ್1, ಅದರಲ್ಲೂ ವಿಂಗಡಣೆ ಸ್ವೀಡಿಷ್ ಭಾಷೆಯ ಕ್ರಮದಲ್ಲಿ. ಸ್ವೀಡನ್ನಿನ ಕಂಪನಿಗೆ ಅದು ಸಹಜ, ನಮ್ಮ ಕುಸುಮಳಿಗೆ ಅಲ್ಲ. ಅಲ್ಲಿ ಯುಟಿಎಫ್8 ಎಂದು ಕರೆದದ್ದು 3 ಬೈಟಿಗೇ ನಿಲ್ಲುವ ಅರೆಬರೆ ರೂಪ. ಕನ್ನಡ ಅದರಲ್ಲಿ ಹಿಡಿಸುತ್ತದೆ, ಎಮೋಜಿ ಹಿಡಿಸದು. ಆದರೆ 2015ರ 5.7ರಲ್ಲಿ ಸ್ಟ್ರಿಕ್ಟ್ ಮೋಡ್ ಡಿಫಾಲ್ಟ್ ಆದದ್ದು ದೊಡ್ಡ ಸುಧಾರಣೆ. ನಮ್ಮ ಗ್ರಂಥಪಾಲಕರು ತೆಗೆಸಿದ್ದು ಅದೇ ಕಾವಲುಗಾರನನ್ನು.

ಕೇಳುವವರದೂ ಪಾಲಿದೆ. ‘ವರ್ಕ್ ಆಗ್ತಿಲ್ಲ’ ಎಂಬ ಒಂದು ಮಾತು, ಅರ್ಧ ಪರದೆಯ ಓರೆ ಫೋಟೋ ಕಳಿಸಿದರೆ ಯಾರಾದರೂ ಊಹಿಸಲೇಬೇಕು. ಎಐ ಚಾಟ್ ಕೂಡ ಸುಳಿವು ಕೊಡದಿದ್ದರೆ ಅಷ್ಟೇ ಆತ್ಮವಿಶ್ವಾಸದಿಂದ ಊಹಿಸುತ್ತದೆ. ಆವೃತ್ತಿ, ಎರರ್ ನಂಬರ್, ಟೇಬಲಿನ ರಚನೆ, ಮಾದರಿಗೆ ನಾಲ್ಕೈದು ಸಾಲು, ಬಂದ ಉತ್ತರ, ಬರಬೇಕಿದ್ದ ಉತ್ತರ: ಇಷ್ಟನ್ನು ಬರೆಯುತ್ತ ಹೋದಾಗ ಅರ್ಧದಷ್ಟು ಸಲ ನನಗೆ ನನ್ನ ತಪ್ಪೇ ಕಂಡಿದೆ. ಉತ್ತರ ಕೊಡುವವರಲ್ಲಿ ನಾನು ಮೆಚ್ಚುವುದು ‘ಮೊದಲು ಬ್ಯಾಕಪ್ ಇದೆಯಾ?’ ಎಂದು ಕೇಳುವವರನ್ನು. ಅವರ ಉತ್ತರ ತಡವಾಗಿ ಬರುತ್ತದೆ, ನಿಲ್ಲುತ್ತದೆ.

ಗ್ರಂಥಾಲಯದಲ್ಲಿ ಬ್ಯಾಕಪ್ ಇರಲಿಲ್ಲ. ಕಪಾಟಿನಲ್ಲಿ ಕೈಬರಹದ ರಿಜಿಸ್ಟರ್ ಇತ್ತು. ಕಾಲಂ ಸರಿಮಾಡಿ, ಸ್ಟ್ರಿಕ್ಟ್ ಮೋಡ್ ಮತ್ತೆ ಹಾಕಿ, ರಿಜಿಸ್ಟರ್ ಬಿಡಿಸಿಕೊಂಡು ಇನ್ನೆರಡು ದಿನದ ಕೆಲಸಕ್ಕೆ ಕೂತರು. ಕುಸುಮಳ ಹೆಸರೊಂದನ್ನು ತುಂಬಿಸಿ ಅವರೇ ಹೆಕ್ಸ್ ಹಾಕಿ ನೋಡಿ, ಫೋನಿನಲ್ಲಿ ಓದಿದರು: ‘ಇ0, ಬಿ2, 95... ಮುಂದುವರಿಸಲಾ ಸರ್?’